ಜೋಡಿ ಹಾರ್ಮೋನ್ ಚಿಕಿತ್ಸೆ ಸೋತಿಲ್ಲ

ಮುಂದುವರಿದ ಸ್ತನ ಕ್ಯಾನ್ಸರಿಗೆ ಎರಡು ಹಾರ್ಮೋನ್ ನಿರೋಧಕ ಔಷಧಗಳನ್ನು ಒಟ್ಟಿಗೆ ಕೊಡುವುದು ವ್ಯರ್ಥವೆಂಬ ಪ್ರಕಟಿತ ವಾದ ಅರ್ಧ ಪುರಾವೆಯ ಮೇಲೆ ನಿಂತಿದೆ. ಅನಾಸ್ಟ್ರೊಜೋಲ್ ದೇಹದಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನು ತಡೆಯುತ್ತದೆ; ಫಲ್ವೆಸ್ಟ್ರಾಂಟ್ ಆ ಹಾರ್ಮೋನಿನ ಗ್ರಾಹಕವನ್ನೇ ಹಿಡಿದು ನಾಶಮಾಡುತ್ತದೆ. ಈಸ್ಟ್ರೊಜೆನ್ ಇಳಿದಷ್ಟೂ ಫಲ್ವೆಸ್ಟ್ರಾಂಟಿಗೆ ಪೈಪೋಟಿ ಕಡಿಮೆ ಎಂಬುದೇ ಜೋಡಿಯ ತರ್ಕ.

2012ರಲ್ಲಿ ಪ್ರಕಟವಾದ ‘ಫ್ಯಾಕ್ಟ್’ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, ನಿಜ. ಆದರೆ ಅದರಲ್ಲಿದ್ದವರು ರೋಗ ಮರುಕಳಿಸಿದವರು. ಹೆಚ್ಚಿನವರು ಮೊದಲೇ ಟ್ಯಾಮೊಕ್ಸಿಫೆನ್‌ನಂಥ ಹಾರ್ಮೋನ್ ನಿರೋಧಕ ಔಷಧ ಸೇವಿಸಿದ್ದರು. ಅದೇ ವರ್ಷ ಹೊರಬಂದ ಅಮೆರಿಕದ ‘ಸ್ವಾಗ್’ ಪ್ರಯೋಗದ ಕಥೆ ಬೇರೆ. ಮುಟ್ಟು ನಿಂತ ಸುಮಾರು 700 ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಟ್ಯಾಮೊಕ್ಸಿಫೆನ್ ಕಂಡವರಲ್ಲ. 2019ರ ಅಂತಿಮ ಲೆಕ್ಕದಲ್ಲಿ ಅನಾಸ್ಟ್ರೊಜೋಲ್ ಮಾತ್ರ ಪಡೆದ ಗುಂಪಿನ ಮಧ್ಯಾಂಕ ಬದುಕುಳಿವು 42 ತಿಂಗಳು, ಜೋಡಿ ಪಡೆದವರದು 49.8. ಮೊದಲ ಗುಂಪಿನ ಶೇ 45ರಷ್ಟು ಮಂದಿಗೆ ರೋಗ ಉಲ್ಬಣಿಸಿದ ಮೇಲೆ ಫಲ್ವೆಸ್ಟ್ರಾಂಟ್ ಸಿಕ್ಕಿಯೂ ಈ ಅಂತರ ಉಳಿಯಿತು! ಸುಮಾರು ಎಂಟು ತಿಂಗಳ ಬದುಕನ್ನು ‘ವ್ಯರ್ಥ’ ಎನ್ನುವುದು ಒಪ್ಪತಕ್ಕ ಮಾತಲ್ಲ.

ಆಕ್ಷೇಪಕ್ಕೆ ನಿಜವಾದ ಎಡೆಯಿರುವುದು ಪ್ರಮಾಣದಲ್ಲಿ. ‘ಸ್ವಾಗ್’ ಬಳಸಿದ ಫಲ್ವೆಸ್ಟ್ರಾಂಟ್, ಆರಂಭದ ದೊಡ್ಡ ಡೋಸಿನ ನಂತರ, ತಿಂಗಳಿಗೆ 250 ಮಿಲಿಗ್ರಾಂ. ಇಂದಿನ ರೂಢಿ 500. ಆ ಪೂರ್ಣ ಪ್ರಮಾಣ ಒಂಟಿಯಾಗಿ ಜೋಡಿಯನ್ನು ಸರಿಗಟ್ಟುತ್ತದೆಯೇ ಎಂಬುದಕ್ಕೆ ಈ ಎರಡು ಪ್ರಯೋಗಗಳಲ್ಲಿ ಉತ್ತರವಿಲ್ಲ.