ಮೂರು ಮೀಟರ್ ಎತ್ತರದಲ್ಲಿ ಮಾತು ಬೇಡ

ಬೆಳೆಗೆ ಮದ್ದು ಸಿಂಪಡಿಸುವ ಡ್ರೋನ್‌ಗಳನ್ನು ಮಹಿಳೆಯರ ಕೈಗೆ ಕೊಡುವ ಕೇಂದ್ರದ ಯೋಜನೆ ‘ನಮೋ ಡ್ರೋನ್ ದೀದಿ’ಯ 1,261 ಕೋಟಿ ರೂಪಾಯಿ, 15,000 ಸ್ವಸಹಾಯ ಸಂಘಗಳು, ಶೇ 80ರ ಸಹಾಯಧನ ಎಲ್ಲರಿಗೂ ಬಾಯಿಪಾಠ. ಹಾರಿಸುವವಳ ಕಣ್ಣು ಎಲ್ಲಿರಬೇಕು ಎಂದು ಕೇಳುವವರು ಮಾತ್ರ ಇಲ್ಲ. ‘ಪೈಲಟ್ ನೆಲದ ಮೇಲೇ ಇರುತ್ತಾಳಲ್ಲ, ಅಪಾಯವೆಲ್ಲಿ’ ಎಂಬ ವಾದ ಕೇಳಿ ಕೇಳಿ ಸಾಕಾಗಿದೆ. ಡ್ರೋನ್ ಎದ್ದಲ್ಲಿಂದ ಇಳಿಯುವವರೆಗೆ ಆಕೆಯನ್ನು ಯಾರೂ ಮಾತನಾಡಿಸಕೂಡದು. ಉಡುಪಿ ಜಿಲ್ಲೆಗೆ ಮೊದಲು ಬೇಕಾದದ್ದು ಈ ನಿಯಮ.

ಇದು ನನ್ನ ಕಲ್ಪನೆಯಲ್ಲ. 1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ಮಂಜಿನ ನಡುವೆ ಇಳಿಯಲಿದ್ದ ವಿಮಾನದ ಪೈಲಟ್‌ಗಳು ರಾಜಕೀಯ, ಹಳೆ ಕಾರು ಅಂತ ಹರಟುತ್ತಿದ್ದರು. ಎತ್ತರದ ಮೇಲೆ ಗಮನವಿರಲಿಲ್ಲ; 70ಕ್ಕೂ ಹೆಚ್ಚು ಜನ ಸತ್ತರು. 1981ರಲ್ಲಿ ಅಲ್ಲಿ ನಿಯಮ ಬಂತು: 10,000 ಅಡಿಯ ಕೆಳಗೆ ಕೆಲಸಕ್ಕೆ ಬೇಡದ ಮಾತು ನಿಷಿದ್ಧ. ನಮ್ಮ ಡ್ರೋನ್ ಹಾರುವುದು ಪೈರಿನಿಂದ ಎರಡು ಮೂರು ಮೀಟರ್ ಮೇಲೆ. ಅಂದರೆ ಅದರ ಇಡೀ ಹಾರಾಟವೇ ಆ ಗೆರೆಯ ಕೆಳಗೆ.

ಕಾಪುವಿನ ಬೈಲಿಗೆ ಬನ್ನಿ. ಹತ್ತಿಪ್ಪತ್ತು ಸೆಂಟ್ಸಿನ ಗದ್ದೆಗಳು, ಹುಣಿಯಲ್ಲಿ ತೆಂಗು, ಮೂಲೆಯಲ್ಲಿ ಪಂಪ್‌ಶೆಡ್, ಅದಕ್ಕೆ ಓರೆಯಾಗಿ ಎಳೆದ ಸರ್ವಿಸ್ ವಯರ್. ಎಕರೆಗೆ ಹತ್ತು ಲೀಟರ್, ಹತ್ತು ನಿಮಿಷದೊಳಗೆ ಕೆಲಸ ಪೂರ್ತಿ ಎನ್ನುವುದು ಬಯಲುಸೀಮೆಯ ಲೆಕ್ಕ. ಇಲ್ಲಿ ನೇರ ಓಟಕ್ಕಿಂತ ತಿರುವೇ ಹೆಚ್ಚು. ಪರದೆಯಲ್ಲಿ ಬ್ಯಾಟರಿ, ಟ್ಯಾಂಕಿನ ಮಟ್ಟ ಎಲ್ಲ ಕಾಣುತ್ತದೆ, ಆ ಸಪೂರ ವಯರ್ ಕಾಣುತ್ತದೆಂಬ ಭರವಸೆಯಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಹುಣಿಯ ಮೇಲಿಂದ ಯಾರೋ, ‘ಅಕ್ಕಾ, ಒಂದು ಚಾರ್ಜಿಗೆ ಎಷ್ಟು ಹೊತ್ತು ಬರ್ತದೆ?’ ಮತ್ತೊಬ್ಬರಿಗೆ ಸೆಲ್ಫಿ. ಕಾರ್ಕಳದ ಅಡಿಕೆ ತೋಟದಲ್ಲಂತೂ ಬುಡದಲ್ಲಿ ನಿಂತವಳಿಗೆ ಸೋಗೆಯ ಮೇಲೆ ಹಾರುವ ಡ್ರೋನ್ ಕಾಣುವುದೇ ಅಪರೂಪ. 

ಗಮನ ತಪ್ಪಿದರೆ ಡ್ರೋನ್ ತಂತಿಗೆ ಬಡಿಯಬಹುದು, ಅಷ್ಟೇ ಆದರೆ ನಷ್ಟ ದುಡ್ಡಿನದ್ದು. ನನ್ನ ಹೆದರಿಕೆ ಇನ್ನೊಂದು: ತಡವಾಗಿ ತಂತಿ ಕಂಡವಳು ಗಾಬರಿಯಲ್ಲಿ ಎತ್ತರಿಸುತ್ತಾಳೆ, ನಳಿಕೆ ಮುಚ್ಚಲು ಮರೆಯುತ್ತಾಳೆ, ಮದ್ದು ಗಾಳಿಯಲ್ಲಿ ಪಕ್ಕದ ಅಂಗಳ ಸೇರುತ್ತದೆ. ಮೇಲಿಂದ ಬಿಟ್ಟ ಮದ್ದು ಎಲ್ಲೆಲ್ಲಿಗೆ ಹೋಗುತ್ತದೆಂದು ಕಾಸರಗೋಡು ನೋಡಿಯಾಗಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಸುರಿಯಿತು. ಏರುತಗ್ಗಿನ ಗುಡ್ಡದಲ್ಲಿ ಮರದ ತುದಿಗೆ ತಾಗುವಷ್ಟು ತಗ್ಗಿ ಹಾರಿದರೆ ಪೈಲಟ್‌ನ ಜೀವಕ್ಕೆ ಕುತ್ತು, ಮೇಲೇರಿದರೆ ಮದ್ದು ಕೆಳಗಿನವರ ತೊರೆಗೆ, ಬಾವಿಗೆ. ಅಲ್ಲಿನ ಪಡ್ರೆ ಎಂಬ ಊರಿನ ಮನೆಗಳು ಎರಡನೆಯದರ ಬೆಲೆ ತೆತ್ತವು. ಅದೇ ಮದ್ದು ಬಿದ್ದ ದಕ್ಷಿಣ ಕನ್ನಡದ ಕೊಕ್ಕಡವೂ ತೆತ್ತಿತು. ಈಗಿನ ಮದ್ದು ಬೇರೆ, ಟ್ಯಾಂಕು ಚಿಕ್ಕದು, ಒಪ್ಪುತ್ತೇನೆ. ಎತ್ತರದ ಇಕ್ಕಟ್ಟು ಮಾತ್ರ ಹಾಗೆಯೇ ಇದೆ.

ತರಬೇತಿ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ಹೌದು, ದೀದಿಗೆ 15 ದಿನ. ಯಾರ ಬಾಯಲ್ಲೂ ಬರದ್ದು, ಅದೇ ಯೋಜನೆಯಲ್ಲಿ 5 ದಿನ ತರಬೇತಿ ಪಡೆಯುವ ಡ್ರೋನ್ ಸಹಾಯಕ. ನೀರು ಹೊರುವುದಕ್ಕೂ ಬ್ಯಾಟರಿ ಬದಲಿಸುವುದಕ್ಕೂ ಅವರನ್ನು ಸವೆಸಿಬಿಟ್ಟರೆ ದಂಡ. ಹಾರಾಟದ ಹೊತ್ತಿನಲ್ಲಿ ಅವರು ಗದ್ದೆಯ ಆಚೆ ತುದಿಯಲ್ಲಿ ನಿಂತು ತಂತಿ, ಗಾಳಿ, ಮಕ್ಕಳನ್ನು ನೋಡಲಿ. ಅವರಿಗೆ ಮಾತ್ರ ಒಂದು ಮಾತಿನ ವಿನಾಯಿತಿ: ‘ನಿಲ್ಲಿಸು’ ಎಂದರೆ ದೀದಿ ಪ್ರಶ್ನೆ ಕೇಳದೆ ನಿಲ್ಲಿಸಲಿ. ಟ್ಯಾಂಕಿಗೆ ನೀರನ್ನು ಗದ್ದೆಯ ಯಜಮಾನರೇ ತರಲಿ. ಇದಕ್ಕೆ ದಿಲ್ಲಿಯ ಸುತ್ತೋಲೆ ಕಾಯಬೇಕಿಲ್ಲ, ಸಂಘಗಳು ಕೊಡುವ ಬಾಡಿಗೆ ಚೀಟಿಯಲ್ಲಿ ಎರಡು ಸಾಲು ಸೇರಿಸಿದರೆ ಆಯಿತು.