ಅಟ್ಟದ ಮೇಲಿನ ಕಾಗದಗಳು

ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ಹಳೆಯ ಕಾಗದಗಳ ಕಟ್ಟೊಂದು ಸಿಕ್ಕಿತೆನ್ನಿ. ನಾವೇನು ಮಾಡುತ್ತೇವೆ? ಬಚ್ಚಲ ಒಲೆಗೆ ಹಾಕುತ್ತೇವೆ, ಇಲ್ಲವೇ ಗುಜರಿಗೆ ತೂಗಿ ಕೊಡುತ್ತೇವೆ. ಅದರಲ್ಲಿ ಏನಿತ್ತೆಂದು ಬಿಚ್ಚಿ ನೋಡುವವರು ವಿರಳ.

ದೊಡ್ಡ ಪತ್ರಿಕೆಗಳನ್ನು ಗ್ರಂಥಾಲಯಗಳು ಜೋಪಾನ ಮಾಡುತ್ತವೆ. ಚಳವಳಿಗಾರರು ತಮ್ಮ ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದ ಸಣ್ಣ ಪತ್ರಿಕೆ, ಕರಪತ್ರಗಳಿಗೆ ಆ ಭಾಗ್ಯ ಅಪರೂಪ. ಒಂದು ಉದಾಹರಣೆ ನೋಡೋಣ. ಭಾರತದ ಸ್ವಾತಂತ್ರ್ಯಕ್ಕಾಗಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ 1913ರ ನವೆಂಬರ್ 1ರಂದು ‘ಗದರ್’ ಪತ್ರಿಕೆ ಉರ್ದುವಿನಲ್ಲಿ ಹೊರಟಿತು. ಬಳಿಕ ಪಂಜಾಬಿಯಲ್ಲೂ ಬಂತು. ಅದು ಭಾರತಕ್ಕೆ ಬಾರದಂತೆ ಬ್ರಿಟಿಷ್ ಸರಕಾರ ನಿಷೇಧಿಸಿತು. ಅಂದು ಜತೆಯಲ್ಲಿಟ್ಟುಕೊಳ್ಳುವುದೇ ಅಪಾಯವಾಗಿದ್ದ ಗದರ್ ಪಕ್ಷದ ಸಾಹಿತ್ಯವನ್ನು, 2008ರಲ್ಲಿ ಆರಂಭವಾದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಅಂತರ್ಜಾಲದಲ್ಲಿ ಇಟ್ಟಿದೆ. ಹಣ ಕೊಡದೆ ಯಾರೂ ನೋಡಬಹುದು. ಪುಟಗಳ ಪ್ರತಿ ತೆಗೆದು ಹೀಗೆ ಎಲ್ಲರಿಗೂ ಬಾಗಿಲು ತೆರೆದಿಡುವುದನ್ನೇ ಮುಕ್ತ ಡಿಜಿಟಲ್ ಭಂಡಾರವೆನ್ನುತ್ತಾರೆ.

ಆದರೆ ಅಂತರ್ಜಾಲಕ್ಕೆ ಸೇರಿದ ಮೇಲೆ ಮೂಲಪ್ರತಿಯ ಚಿಂತೆ ಬೇಡ ಎಂಬ ಮಾತನ್ನು ನಾವು ಒಪ್ಪಲಾರೆವು. 1972ರಿಂದ 1993ರವರೆಗೆ ಇಂಗ್ಲೆಂಡಿನಲ್ಲಿ ‘ಸ್ಪೇರ್ ರಿಬ್’ ಎಂಬ ಸ್ತ್ರೀವಾದಿ ಪತ್ರಿಕೆ ಪ್ರಕಟವಾಗುತ್ತಿತ್ತು. ಬ್ರಿಟಿಷ್ ಲೈಬ್ರರಿ 2015ರಲ್ಲಿ ಅದರ ಸಂಚಿಕೆಗಳನ್ನು ಎಲ್ಲರ ಓದಿಗೆ ತೆರೆದಿಟ್ಟಿತು. ಹಕ್ಕುದಾರರು ಪತ್ತೆಯಾಗದ ಬರಹಗಳನ್ನು ಪ್ರಕಟಿಸಲು ಅವಕಾಶ ಕೊಟ್ಟಿದ್ದುದು ಐರೋಪ್ಯ ಒಕ್ಕೂಟದ ಕಾನೂನು. ಬ್ರಿಟನ್ ಒಕ್ಕೂಟದಿಂದ ಹೊರಬಂದಾಗ ಆ ಅವಕಾಶ ತಪ್ಪಿತು. ಆ ಭಂಡಾರದ ಬಾಗಿಲು ಮುಚ್ಚಿತು. ಮೂಲ ಸಂಚಿಕೆಗಳು ಕಪಾಟಿನಲ್ಲಿ ಇದ್ದುದರಿಂದ ಪತ್ರಿಕೆ ಮಾತ್ರ ಉಳಿಯಿತು. ಪ್ರತಿ ತೆಗೆಯುವುದು ಅಗತ್ಯ. ಮೂಲವನ್ನು ಕಾಯುವುದೂ, ಬರೆದವರ ಒಪ್ಪಿಗೆಯನ್ನು ಸಕಾಲದಲ್ಲಿ ಪಡೆಯುವುದೂ ಅಷ್ಟೇ ಅಗತ್ಯ.

ಈ ಪಾಠ ನಮಗೂ ಸಲ್ಲುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕರ್ನಾಟಕಕ್ಕೆ ಸೇರಬೇಕೆಂದು ಇಲ್ಲಿ ಚಳವಳಿ ನಡೆಯಿತು. ಆದೇಶಗಳು ಸರಕಾರಿ ಕಡತಗಳಲ್ಲಿ ಭದ್ರವಾಗಿರುತ್ತವೆ. ಸಭೆಗೆ ಕರೆದವರಾರು, ಅವರು ಏನು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು ಎಂಬುದನ್ನು ತಿಳಿಸುವುದು ಅಂದಿನ ಕರಪತ್ರ. ಅದು ಗೆದ್ದಲಿಗೆ ಹೋದರೆ ನಮ್ಮ ಹಿರಿಯರ ದನಿಯೇ ಹೋದಂತೆ. ನಮಗೆ ಹಿಡಿಸದ ಪಕ್ಷದವರ ಕಾಗದವನ್ನೂ ಉಳಿಸಬೇಕು. ಒಂದೇ ಕಡೆಯವರ ಮಾತು ಕೇಳಿ ನ್ಯಾಯ ಹೇಳುವುದುಂಟೇ?

ಆದುದರಿಂದ ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಈ ಬಾರಿ ಅಟ್ಟ ಗುಡಿಸುವಾಗ ಮಕ್ಕಳನ್ನೂ ಜತೆಗೆ ಕರೆಯಿರಿ. ಸಿಕ್ಕಿದ ಕಾಗದ ಯಾವ ವರ್ಷದ್ದು, ಯಾರು ಹಂಚಿದ್ದು ಎಂಬುದನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದಿಡಲಿ. ಮನೆಯವರ ಒಪ್ಪಿಗೆ ಪಡೆದು ಶಾಲೆಗೆ ತಂದು ತೋರಿಸಲಿ. ಮೊಬೈಲಿನಲ್ಲೇ ಅದರ ಪ್ರತಿ ತೆಗೆಯಬಹುದು. ಮೂಲವು ಮರಳಿ ಮನೆ ಸೇರಲಿ. ಭಂಡಾರ ಕಟ್ಟುವ ಕೆಲಸವನ್ನು ಮುಂದೆ ಯಾರಾದರೂ ಮಾಡಿಯಾರು. ಒಲೆಗೆ ಬಿದ್ದ ಕಾಗದವನ್ನು ಯಾರೂ ಮರಳಿ ತರಲಾರರು.