ಸಂಶೋಧನೆ ಮತ್ತು ಸಂಶೋಧಕರ ಷೇರು
ರೋಗಿಗಳ ಮೇಲೆ ಔಷಧವೊಂದನ್ನು ಪ್ರಯೋಗಿಸುವ ವಿಶ್ವವಿದ್ಯಾಲಯದ ಸಂಶೋಧಕರಿಗೆ ಅದನ್ನು ತಯಾರಿಸುವ ಕಂಪನಿಯಿಂದ ಷೇರು, ಸಲಹಾ ಶುಲ್ಕ ಅಥವಾ ರಾಯಧನ ಸಿಗುತ್ತಿದ್ದರೆ ಅದು ಹಣಕಾಸಿನ ಹಿತಾಸಕ್ತಿ ಸಂಘರ್ಷ. ಹಾಗೆಂದ ಮಾತ್ರಕ್ಕೆ ಮೋಸ ನಡೆದಿದೆ ಎಂದಲ್ಲ. ತೀರ್ಮಾನ ಒಂದು ಕಡೆಗೆ ವಾಲುವ ಸಾಧ್ಯತೆ ಇದೆ ಎಂದಷ್ಟೇ. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆಯು ಸರ್ಕಾರಿ ಅನುದಾನದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ಕೊಟ್ಟ ಮೇಲೆ ಪ್ರಯೋಗಾಲಯಕ್ಕೂ ಮಾರುಕಟ್ಟೆಗೂ ನಂಟು ಬಿಗಿಯಾಯಿತು. 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ತೀರಿಕೊಂಡಾಗ ಈ ನಂಟು ದೊಡ್ಡ ಚರ್ಚೆಗೆ ಬಂತು. ಅಲ್ಲಿನ ಜೀನ್ ಚಿಕಿತ್ಸಾ ಸಂಸ್ಥೆಯ ನಿರ್ದೇಶಕ ಜೇಮ್ಸ್ ವಿಲ್ಸನ್‌ಗೆ ತಾವೇ ಸ್ಥಾಪಿಸಿದ್ದ ಜೆನೋವೊ ಕಂಪನಿಯಲ್ಲಿ ಪಾಲಿತ್ತು, ವಿಶ್ವವಿದ್ಯಾಲಯಕ್ಕೂ ಇತ್ತು. ಸರ್ಕಾರಿ ಅನುದಾನ ಪಡೆಯುವ ಸಂಶೋಧಕರು ತಮ್ಮ ಸಂಸ್ಥೆಗೆ ತಿಳಿಸಲೇಬೇಕಾದ ಹಣಕಾಸಿನ ಮಿತಿಯನ್ನು 2011ರ ನಿಯಮ 10,000 ಡಾಲರಿನಿಂದ 5,000ಕ್ಕೆ ಇಳಿಸಿತು. 2010ರ ಸನ್‌ಶೈನ್ ಕಾಯ್ದೆಯಿಂದಾಗಿ ಕಂಪನಿಗಳು ವೈದ್ಯರಿಗೆ ಕೊಡುವ ಹಣದ ವಿವರ 2014ರಿಂದ ಸಾರ್ವಜನಿಕರಿಗೂ ಸಿಗುತ್ತಿದೆ. ಆದರೆ ಘೋಷಣೆಯೊಂದೇ ಪಕ್ಷಪಾತವನ್ನು ತಡೆಯಲಾರದು. ಆದ್ದರಿಂದ ಪಾಲುದಾರ ಸಂಶೋಧಕರನ್ನು ರೋಗಿಗಳ ಆಯ್ಕೆ, ಒಪ್ಪಿಗೆ ಪಡೆಯುವಿಕೆ ಮತ್ತು ಫಲಿತಾಂಶದ ವಿಶ್ಲೇಷಣೆಯಿಂದ ದೂರವಿಡುವುದು, ಸ್ವತಂತ್ರ ಸಮಿತಿಯಿಂದ ಮೇಲ್ವಿಚಾರಣೆ ಮಾಡಿಸುವುದು, ಬೇಕಾದಲ್ಲಿ ಷೇರು ಮಾರುವಂತೆ ಹೇಳುವುದು ಉಳಿದ ಕ್ರಮಗಳು.